ಗುರುತಿಲ್ಲದ ಗುಂಡಿ

ಗಂಡನ ಶವಸಂಸ್ಕಾರ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅವಳು ಒಂದು ಡಬ್ಬಿ ಎಡವಿದಳು.

ಸೋಪಿನ ಪೆಟ್ಟಿಗೆಯಷ್ಟಿದ್ದ ಹಸಿರು ಡಬ್ಬಿ. ಗಂಡನ ಗಿಟಾರಿನ ವೈರು ಅದರ ಒಂದು ಕಡೆ ಹೊಕ್ಕು, ಇನ್ನೊಂದು ಕಡೆಯಿಂದ ಹೊರಟು ಸ್ಪೀಕರಿಗೆ ಹೋಗುತ್ತಿತ್ತು. ಅದಕ್ಕೆ ರಿವರ್ಬ್ ಅಂತ ಹೆಸರು. "ಎಲೆಕ್ಟ್ರಿಕ್ ಗಿಟಾರನ್ನ ಗರಗರ ಅನ್ನಿಸ್ದೆ ತಿಳಿಯಾಗಿ ನುಡಿಸಿದ್ರೆ ಸದ್ದು ಒಣಒಣ ಕಣೆ, ತಟ್ಟೆಗೆ ಚಮಚ ಬಡಿದ ಹಾಗೆ. ಈ ಡಬ್ಬಿ ಆ ಸದ್ದಿಗೊಂದು ದೊಡ್ಡ ಕೋಣೆ ಕಟ್ಟಿಕೊಡುತ್ತೆ" ಎಂದು ಅವನು ವಿವರಿಸಿದ್ದ. ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿದ್ದ ಅವರ ಮನೆಯಲ್ಲಿ ಸದ್ದಿಗಾದರೂ ಜಾಗವಿರಲಿ ಎಂದು ಅವಳು ಸುಮ್ಮನಿದ್ದಳು.

ಅವನು ದಿನಾ ಬೆಳಿಗ್ಗೆ ಕಾಲು ಗಂಟೆ ನುಡಿಸುತ್ತಿದ್ದ. ಶುರುಮಾಡಿದ ಐದು ನಿಮಿಷಕ್ಕೆ ಕೆಳಮನೆಯ ತಾತ ಪೊರಕೆ ಕೋಲಿನಿಂದ ತಮ್ಮ ಸೂರಿಗೆ ಕುಟ್ಟುತ್ತಿದ್ದರು. ಒಮ್ಮೊಮ್ಮೆ ಒಂದು ಏಟು, ಒಮ್ಮೊಮ್ಮೆ ಎರಡು. ಅಡುಗೆಮನೆಯಲ್ಲಿದ್ದ ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು. "ಬೈತಿಲ್ಲ ಬಿಡೆ" ಎಂದು ಅವನು ನಗುತ್ತಿದ್ದ. ಇಷ್ಟು ದಪ್ಪ ಚರ್ಮದವನನ್ನು ಅವಳು ಇನ್ನೆಲ್ಲೂ ಕಂಡಿರಲಿಲ್ಲ. ಆರು ವರ್ಷದಿಂದ ಅವಳು ಪೊರಕೆ ತಾತನ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಇಳಿಯುತ್ತಿದ್ದಳು.

ಡಬ್ಬಿಯ ತಳದಲ್ಲಿ, ಅಂಚು ಕಪ್ಪಾದ ಟೇಪಿನ ಮೇಲೆ ಅವನ ಅಕ್ಷರ: "ವಾಪಸ್ ಕೊಡಬೇಕು. ಸೋಮವಾರ." ಯಾರಿಗೆ ಎಂದಿರಲಿಲ್ಲ. ಅವನು ಹೋದ ಮೇಲೆ ಎರಡು ಸೋಮವಾರ ಕಳೆದಿದ್ದವು. ಅವಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ವಾಪಸ್ ತೆಗೆದುಕೊಳ್ಳುವ ಮೇಜಿನವಳು. ತಡಮಾಡಿದವರನ್ನು ಕನ್ನಡಕದ ಮೇಲಿಂದ ನೋಡುವುದೇ ಅವಳ ಉದ್ಯೋಗ. ಇವತ್ತೇ ಕೊಟ್ಟುಬಿಡಬೇಕು.

ಒಂದೇ ಒಂದು ಯೋಚನೆ. ಡಬ್ಬಿಗೆ ಇದ್ದದ್ದು ಒಂದೇ ಗುಂಡಿ. ಎಷ್ಟು ತಿರುಗಿದೆ ಎಂದು ತೋರಿಸುವ ಅದರ ಗೆರೆ ಸವೆದು ಅಳಿಸಿಹೋಗಿತ್ತು. ಅವನ ಬೆರಳು ಕೊನೆಯ ಬಾರಿ ಬಿಟ್ಟ ಜಾಗದಲ್ಲೇ ಅದು ನಿಂತಿತ್ತು. ಒಮ್ಮೆ ತಿರುಗಿದರೆ ಆ ಜಾಗ ಮತ್ತೆ ಸಿಗುವುದಿಲ್ಲ. ಡಬ್ಬಿ ಯಾರದೆಂದು ಹಗಲು ವಿಚಾರಿಸುವುದು, ಸಂಜೆ ಒಂದು ಸಲ ತಂತಿ ಮೀಟಿ ಆ ಸದ್ದು ಕೇಳುವುದು, ಆಮೇಲೆ ಕೊಡುವುದು ಎಂದುಕೊಂಡಳು.

ಬಾಗಿಲಲ್ಲೇ ಎದುರುಮನೆಯ ಅಕ್ಕ ಸಿಕ್ಕರು.

"ಏನಮ್ಮಾ ಅದು, ಬಿ.ಪಿ. ನೋಡೋದಾ?"

"ಅಲ್ಲಕ್ಕ, ಇವರು ಯಾರ ಹತ್ರಾನೋ ತಂದಿದ್ದು. ನಿಮಗೇನಾದ್ರೂ ಗೊತ್ತಾ? ಆ ಗುಂಡಿ ಮಾತ್ರ ಮುಟ್..."

"ನಂಗೇನಮ್ಮಾ ಗೊತ್ತು" ಎನ್ನುತ್ತಲೇ ಅಕ್ಕ ಗ್ಯಾಸ್ ಒಲೆ ಆರಿಸುವವರಂತೆ ಗುಂಡಿ ತಿರುಗಿಸಿದರು. "ತಿರುಗಿಸಬಾರದಿತ್ತಾ? ಅಯ್ಯೋ, ಅಳ್ಬೇಡ್ವೇ! ಇರು, ಇದ್ದ ಹಾಗೇ ಇಡ್ತೀನಿ." ಅವಳು ಅಳುತ್ತಿರಲಿಲ್ಲ. ಅಕ್ಕ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಸಮಾಧಾನಕ್ಕೆಂದು ಇನ್ನೊಂದಿಷ್ಟು ಸೇರಿಸಿ ಕೊಟ್ಟರು.

ಗ್ರಂಥಾಲಯದಲ್ಲಿ ಬೈಂಡಿಂಗ್‌ನವನಿಗೆ ತೋರಿಸಿದಳು. ಅವನು ಗಂಡನ ಜೊತೆ ಒಂದೆರಡು ಸಲ ಡ್ರಮ್ ಬಾರಿಸಿದ್ದ.

"ನಂದಲ್ಲ ಮೇಡಂ. ಆದ್ರೆ ಗುಂಡಿ ಸಡಿಲ ಇದೆ ನೋಡಿ" ಎಂದವನೇ ಅದನ್ನು ಹಲ್ಲು ಕಿತ್ತಂತೆ ಕಿತ್ತು, ಬುಡಕ್ಕೆ ಗೋಂದು ಹಚ್ಚಿ ಕೂರಿಸಿಬಿಟ್ಟ. "ಇನ್ನು ಯಾರು ಎಷ್ಟು ತಿರುಗಿಸಿದ್ರೂ ಕಳಚಲ್ಲ."

"ಮೊದಲು ಹೇಗಿತ್ತು, ನೆನಪಿದೆಯಾ?"

ಅವನು ಯೋಚಿಸಿ ಹೇಳಿದ: "ದುಂಡಗಿತ್ತು."

ಊಟದ ಬಿಡುವಿನಲ್ಲಿ ವಾದ್ಯದ ಅಂಗಡಿಗೆ ಓಡಿದಳು. ಅಂಗಡಿಯಾತ, "ನಮ್ದಲ್ಲಮ್ಮಾ, ಆದ್ರೂ ಕೆಲಸ ಮಾಡುತ್ತಾ ನೋಡೋಣ" ಎಂದು ಗಿಟಾರಿಗೆ ಸಿಕ್ಕಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿ ಬಾರಿಸಿದ. ಬಾವಿಗೆ ಬಿಂದಿಗೆ ಬಿದ್ದಂತಾಯಿತು. ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಅದರ ಬೆನ್ನ ಮೇಲೆ ಬಿದ್ದು ಎಲ್ಲ ಕಲಸಿಹೋದವು. ಅವಳು ಎರಡೂ ಕಿವಿ ಮುಚ್ಚಿಕೊಂಡು, "ದಯವಿಟ್ಟು ನಿಲ್ಸಿ! ನಮ್ಮನೆಯವರದ್ದು ಹೀಗಿರ್ಲಿಲ್ಲ!" ಎಂದು ಕೂಗಿಕೊಂಡಳು.

"ಸರೀನೇ. ತಿಳಿ ಸ್ವರದ ಹಿಂದೆ ಇದು ನೆರಳಿನ ಹಾಗೆ ಇರ್ಬೇಕು ಅಷ್ಟೆ" ಎಂದು ಅವನು ಗುಂಡಿಯನ್ನು ಸೊನ್ನೆಗೆ ತಂದು ಕೈಗಿತ್ತ.

ಸಂಜೆ ಮನೆಯಲ್ಲಿ ಅವಳೇ ವೈರು ಸಿಕ್ಕಿಸಿ ತಂತಿ ಮೀಟಿದಳು. ತಟ್ಟೆ, ಚಮಚ. ಗುಂಡಿ ಸ್ವಲ್ಪ ತಿರುಗಿಸಿ ಮೀಟಿದಳು. ಇದೇ ಇರಬಹುದು. ಇನ್ನೊಂದು ಸ್ವಲ್ಪ. ಇದೂ ಇರಬಹುದು. ಆರು ವರ್ಷ ದಿನಾ ಕೇಳಿದ ಸದ್ದು. ಅಷ್ಟು ದಿನವೂ ಅವಳು ಕೇಳುತ್ತಿದ್ದದ್ದು ಪೊರಕೆಯನ್ನು ಮಾತ್ರ.

ಕೆಳಗಿನಿಂದ ಡಬ್, ಡಬ್ ಎಂದಿತು.

ಸಾವಾದ ಮನೆ ಅಂತಾದರೂ ಬೇಡವೇ! ಸಿಟ್ಟಿಗೆ ಗುಂಡಿ ಜೋರಾಗಿ ತಿರುಗಿಸಿ ಬಾರಿಸಿದಳು. ಡಬ್. ಒಂದೇ. ನಾಚಿಕೆಯಾಗಿ ತುಂಬ ಇಳಿಸಿದಳು. ಡಬ್, ಡಬ್. ಅವಳ ಕೈ ಅಲ್ಲೇ ನಿಂತಿತು. ಕೂದಲೆಳೆಯಷ್ಟು ಏರಿಸಿ, ಮೀಟಿ, ಉಸಿರು ಹಿಡಿದು ಕಾದಳು.

ಕೆಳಗಿನಿಂದ ಸದ್ದಿಲ್ಲ. ಕೋಣೆಯಲ್ಲಿ ಆ ಸ್ವರ, ಅಡುಗೆಮನೆಯ ತನಕ ಬರುತ್ತಿದ್ದ ಅದೇ ಸ್ವರ, ನಿಧಾನವಾಗಿ ಆರುತ್ತಿತ್ತು. ಬೀರುವಿನ ಬಾಗಿಲು ಹಿಡಿದುಕೊಂಡು ಅದು ಪೂರ್ತಿ ಆರುವ ತನಕ ನಿಂತಿದ್ದಳು.

ವೈರು ಕಳಚಿ, ಡಬ್ಬಿ ಹಿಡಿದು, ಚಪ್ಪಲಿ ಹಾಕಿಕೊಂಡೇ ಕೆಳಗಿಳಿದಳು. ತಾತ ಪೊರಕೆ ಹಿಡಿದೇ ಬಾಗಿಲು ತೆರೆದರು.

"ಬಾಮ್ಮ. ಅಂತೂ ನನ್ನ ಡಬ್ಬಿ ವಾಪಸ್ ಬಂತು. ಸೋಮವಾರ ಕೊಡ್ತೀನಿ ಅಂದಿದ್ದ."

"ಕ್ಷಮಿಸಿ ತಾತ, ಎರಡು ವಾರ ತಡ ಆಯ್ತು."

"ಎರಡು ವಾರವೇ? ಆರು ವರ್ಷದ ಹಿಂದಿನ ಸೋಮವಾರ ಕಣಮ್ಮ ಅದು! ನಾನು ಮೂವತ್ತು ವರ್ಷ ಸಭಾಂಗಣದಲ್ಲಿ ಮೈಕ್, ಸ್ಪೀಕರ್ ನೋಡಿಕೊಂಡವನು. ನಿನ್ನ ಗಂಡನ ಒಣ ಸದ್ದು ತಡೀಲಾರದೆ ನಾನೇ ಕೊಟ್ಟೆ. ಒಂದು ಏಟು ಅಂದ್ರೆ ಜಾಸ್ತಿ, ಎರಡು ಅಂದ್ರೆ ಕಮ್ಮಿ. ನಿಂಗೆ ಹೇಳಿರ್ಲಿಲ್ವಾ?"

"ಬೈತಿಲ್ಲ ಅಂದಿದ್ರು." ಅವಳು ಡಬ್ಬಿಯನ್ನು ಎದೆಗವಚಿಕೊಂಡಳು. "ತಾತ, ಗುಂಡಿ ಈಗ ಅವರಿಟ್ಟ ಜಾಗದಲ್ಲೇ ಇದೆ ತಾನೆ? ಅದಷ್ಟು ಹೇಳಿ."

"ಅವನೆಲ್ಲಿ ಇಟ್ಟ? ಅದು ನಾನು ಇಡಿಸಿದ ಜಾಗ. ಅವನ ಕೈಗೆ ಬಿಟ್ಟರೆ ದಿನಾ ಪೂರ್ತಿ ತಿರುಗಿಸೋನು, ಬಾವಿ ಒಳಗೆ ಕೂತು ನುಡಿಸೋನ ಹಾಗೆ. ಕುಟ್ಟಿ ಕುಟ್ಟಿ ನೋಡು, ಗಾರೆ ಉದುರಿದೆ."

ಸೂರಿನಲ್ಲಿ ತಟ್ಟೆಯಗಲದ ಗುಂಡಿ ಬಿದ್ದಿತ್ತು. ಅವಳು ಅದನ್ನೇ ನೋಡಿದಳು. ಮಧ್ಯಾಹ್ನ ಅಂಗಡಿಯಲ್ಲಿ ತಾನು ಕಿವಿ ಮುಚ್ಚಿಕೊಂಡು ನಿಲ್ಲಿಸಿದ್ದು ಏನನ್ನು ಎಂದು ಆಗ ತಿಳಿಯಿತು.

"ಕೊಡಮ್ಮ" ಎಂದರು ತಾತ.

ಅವಳು ಗುಂಡಿಯನ್ನು ಹಿಡಿದು, ಮುಂದೆ ಹೋಗದೆ ನಿಲ್ಲುವ ತನಕ ತಿರುಗಿಸಿದಳು.

"ಅಯ್ಯಯ್ಯೋ! ಈಗ ತಾನೆ ಸರಿ ಮಾಡಿದ್ದು, ಕೆಡಿಸಿಬಿಟ್ಯಲ್ಲೇ!" ತಾತ ಅಭ್ಯಾಸಬಲದಿಂದ ಪೊರಕೆ ಎತ್ತಿ ಸೂರಿಗೆ ಒಂದು ಏಟು ಕುಟ್ಟಿದರು. ಒಂದು ಚೂರು ಗಾರೆ ಬಿತ್ತು. ಇಬ್ಬರೂ ಮೇಲೆ ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ ಅವಳು ಡಬ್ಬಿಯನ್ನು ತಾತನ ಇನ್ನೊಂದು ಕೈಯಲ್ಲಿಟ್ಟಳು.