ಸುಬೇದಾರ ಓಟಿಗೆ ನಿಂತಾಗ

ಓಟು ಕೇಳಲು ಹೊರಟವನಿಗೆ ಓಟು ಸಿಗದಿದ್ದರೂ ನಗೆಗೆ ಬರ ಇರುವುದಿಲ್ಲ. ಹೆಚ್ಚಾಗಿ ಆ ನಗೆ ಅವನ ಮೇಲೆಯೇ ಇರುತ್ತದೆ, ಅಷ್ಟೆ.

ನಾನು ಹತ್ತೊಂಬತ್ತು ವರ್ಷ ಫೌಜಿನಲ್ಲಿದ್ದವನು. ಬರ್ಮಾದ ಯುದ್ಧ ಮುಗಿದ ಮೇಲೆ ಸುಬೇದಾರನಾಗಿ ಊರಿಗೆ ಬಂದು, ಕೊಪ್ಪಳದ ಒಂದು ಹತ್ತಿ ಕಾರ್ಖಾನೆಗೆ ಮ್ಯಾನೇಜರ್ ಆದೆ. ಅಷ್ಟರಲ್ಲಿ, ನಮ್ಮ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಶಾಸನಸಭೆಗೆ ಚುನಾವಣೆ ಬಂತು. ಆಗ ಎಲ್ಲರಿಗೂ ಓಟಿರಲಿಲ್ಲ. ಹೊಲ, ಮನೆ, ಓದು ಇದ್ದ ಕೆಲವರಿಗೆ ಮಾತ್ರ. “ನಾಕು ತಾಲ್ಲೂಕಿನಾಗ ನಿಮ್ಮಷ್ಟು ಗಟ್ಟಿ ದನಿ ಯಾರಿಗೈತ್ರಿ?” ಎಂದು ಗೆಳೆಯರು ಉಬ್ಬಿಸಿದರು. ನಿಂತುಬಿಟ್ಟೆ.

ಯಲಬುರ್ಗಾ ಸಂತೆ

ಮೊದಲ ಭಾಷಣ ಯಲಬುರ್ಗಾ ಸಂತೆಯಲ್ಲಿ. ಎರಡು ದಿನ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ. ಚಕ್ಕಡಿ ಹತ್ತಿ ನಿಂತರೆ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಪರೇಡಿನ ದನಿ ತೆಗೆದು “ಸುಮ್ಮನಾಗ್ರಿ” ಎಂದೆ. ಇಡೀ ಸಂತೆ ಗಪ್ಪಾಯಿತು. ತಕ್ಕಡಿ ಹಿಡಿದವನ ಕೈ ಅಲ್ಲೇ ನಿಂತಿತು. ಅಷ್ಟು ಮಂದಿ ಅಲುಗದೆ ನನ್ನನ್ನೇ ನೋಡುವಾಗ ಭಾಷಣ ಪೂರಾ ಮರೆತುಹೋಯಿತು.

ಮೆಣಸಿನಕಾಯಿ ಮಾರುವ ಮುದುಕಿ, “ಸುಮ್ಮನಾದ್ವಿ ನೋಡಪಾ. ಮುಂದ ಏನ್ ಮಾಡೂನು?” ಎಂದಳು.

ಇಂಥ ಹೊತ್ತಿನಲ್ಲಿ ನನ್ನ ನಾಲಿಗೆಗೆ ರೂಢಿಯಿದ್ದದ್ದು ಒಂದೇ ಮಾತು. “ಡಿಸ್ಮಿಸ್” ಎಂದುಬಿಟ್ಟೆ.

“ಏನಂದ?” ಎಂದು ಮುದುಕಿ ಪಕ್ಕದವನನ್ನು ಕೇಳಿದಳು.

“ಮನಿಗೆ ಹೋಗ್ರಿ ಅಂದ್ರು.”

“ಛಲೋ ಮನಿಷ್ಯಾ ಅದಾನ. ಹಿಂದಿನ ವಾರ ಭಾಷಣಕ್ಕ ಬಂದಾವ ಹೊತ್ತು ಮುಣುಗೂತನಕ ಬಿಡಲಿಲ್ಲ.”

ಸಿದ್ದಾಪುರದ ಗೌಡರು

ಗಂಗಾವತಿ ಕಡೆ ನನ್ನ ಗೆಳೆಯರು, ನಾನು ಬರ್ಮಾದಲ್ಲಿ ಒಬ್ಬನೇ ಒಂದು ಗುಡ್ಡ ಗೆದ್ದೆನೆಂದು ಸುದ್ದಿ ಹಬ್ಬಿಸಿದ್ದರು. ಸಿದ್ದಾಪುರದ ಗೌಡರ ಮಾತನ್ನು ಆ ಕಡೆಯ ಓಟಿದ್ದವರೆಲ್ಲ ಕೇಳುತ್ತಿದ್ದರು. ಅವರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ, “ಆ ಗುಡ್ಡ ಹ್ಯಾಂಗ ಹಿಡದ್ರಿ, ಹೇಳ್ರಿ” ಎಂದರು.

ನನಗೆ ಸುಳ್ಳು ಬರಲಿಲ್ಲ. “ಗೌಡ್ರ, ನಾನು ಗುಡ್ಡ ಹಿಡದಿಲ್ಲ, ಹೇಸರಗತ್ತಿ ಹಿಡದೀನಿ. ಗುಡ್ಡದ ಮ್ಯಾಲಿದ್ದವ್ರಿಗೆ ಅವುಗಳ ಮ್ಯಾಲೆ ರೇಶನ್ ಹೇರಿ ಕಳಸ್ತಿದ್ದೆ.”

ಗೆಳೆಯರ ಮುಖ ಸಪ್ಪಗಾಯಿತು. ಗೌಡರು ಮಾತ್ರ ಹತ್ತಿರ ಸರಿದು, “ಹಂಗಾರ ನಮ್ಮ ಕುದುರಿ ಯಾಕ ಕುಂಟತೈತಿ ನೋಡ್ತೀರೇನು?” ಎಂದರು. ನೋಡಿದೆ. ಗೊರಸಿನಲ್ಲಿ ಹರಳು ಸಿಕ್ಕಿತ್ತು, ತೆಗೆದೆ. ಕುದುರೆ ನಾಲ್ಕು ಹೆಜ್ಜೆ ನೆಟ್ಟಗೆ ನಡೆದದ್ದೇ ತಡ, ಊರಿನ ಕುದುರೆ, ಕತ್ತೆ, ಒಂದು ಎಮ್ಮೆ ಎಲ್ಲ ಸಾಲುಗಟ್ಟಿದವು. ಸಂಜೆಯವರೆಗೆ ಗೊರಸು ಕೆರೆಯುವುದರಲ್ಲಿ ಓಟು ಕೇಳುವುದೇ ಮರೆತೆ.

ಹೊರಡುವಾಗ ಗೌಡರೇ ಹೇಳಿದರು: “ನಮ್ಮ ಓಟು ನಿಮಗ. ಹೈದರಾಬಾದಿನ ಸಭಾಕ್ಕ ಹೇಸರಗತ್ತಿ ಸಂಭಾಳ್ಸಿದವ್ರು ಒಬ್ರರ ಬೇಕಾಗ್ತಾರ.”

ಕುಷ್ಟಗಿ ದಾರಿ

ನನ್ನ ಎದುರಿಗೆ ನಿಂತವರು ಒಬ್ಬ ವಕೀಲರು, ದೊಡ್ಡ ಮನುಷ್ಯರು. ಒಂದು ದಿನ ಕುಷ್ಟಗಿ ದಾರಿಯಲ್ಲಿ ಅವರ ಮೋಟಾರು ಕೆಟ್ಟು ನಿಂತಿತ್ತು. ನಮ್ಮ ಹತ್ತಿ ಲಾರಿಯಲ್ಲಿ ಕೂಡಿಸಿಕೊಂಡೆ. ಊರು ಮುಟ್ಟುವ ಹೊತ್ತಿಗೆ ಅವರ ಕರಿ ಕೋಟು ಬಿಳಿಯಾಗಿತ್ತು.

ಊರ ಅಗಸಿ ಬಾಗಿಲಲ್ಲಿ ಕೂತಿದ್ದ ಮುದುಕ, “ವಕೀಲ್ರ, ನೀವೂ ಇವ್ರ ಕಡೇವ್ರೇನ್ರಿ?” ಎಂದ.

“ಛೇ ಛೇ, ನಾನು ಇವರ ವಿರುದ್ಧ ನಿಂತೀನಿ,” ಎಂದರು ವಕೀಲರು.

ಮುದುಕ ಲಾರಿಯ ಕಡೆ ಮತ್ತೊಮ್ಮೆ ನೋಡಿದ. “ಎಲ್ಲಿ ನಿಂತೀರಿ? ಅವ್ರ ಲಾರ್ಯಾಗ ಆರಾಮ ಕುಂತೀರಲ್ಲ.”

ಕಾರ್ಖಾನೆಯ ಬಾಗಿಲು

ಕೆಲವೇ ಓಟಿನಿಂದ ಸೋತೆ. ವಕೀಲರು ಗೆದ್ದರು. ಬೇಸರವೇನೂ ಆಗಲಿಲ್ಲ, ಮರುದಿನ ಎಂದಿನಂತೆ ಕಾರ್ಖಾನೆಗೆ ಹೋದೆ. ಅಲ್ಲಿ ನನ್ನದು ಫೌಜಿನ ಶಿಸ್ತು: ದಿನಾ ಬೆಳಿಗ್ಗೆ ಎಲ್ಲರೂ ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು, ಅಂಗಿ ಗುಂಡಿ ಹಾಕಿರಬೇಕು, ನಾನು ಸೀಟಿ ಊದಿದ ಮೇಲೆ ಹೆಜ್ಜೆ ಹಾಕಿ ಒಳಗೆ ಹೋಗಬೇಕು.

ಅಂದು ಸಾಲಿನಲ್ಲಿ ಎಲ್ಲರ ತಲೆಯೂ ತಗ್ಗಿತ್ತು. ಅವರಲ್ಲಿ ಒಬ್ಬರಿಗೂ ಓಟಿರಲಿಲ್ಲ. ಹಳೆಯ ಮಿಸ್ತ್ರಿ ರುಮಾಲಿನಿಂದ ಕಣ್ಣೊರೆಸಿಕೊಂಡ. “ಸಾಹೇಬ್ರ, ನೀವು ಗೆಲ್ಲಲಿ ಅಂತ ಇವ್ರೆಲ್ಲಾ ಹುಲಿಗೆಮ್ಮಗ ಹರಕಿ ಹೊತ್ತಿದ್ರು. ನಾನು ದರ್ಗಾಕ್ಕ ಚಾದರ ಹೊದಸ್ತೀನಂತ ಬೇಡ್ಕೊಂಡಿದ್ದೆ.”

ಊದಲು ಎತ್ತಿದ್ದ ಸೀಟಿ ಇಳಿಸಿದೆ. ಯುದ್ಧಕ್ಕೆ ಹೋದಾಗಲೂ ನಮ್ಮವ್ವನನ್ನು ಬಿಟ್ಟು ಯಾರೂ ನನಗಾಗಿ ಹರಕೆ ಹೊತ್ತಿರಲಿಲ್ಲ. “ಇಷ್ಟು ಪ್ರೀತಿ ಐತಿ ಅಂತ ನನಗ ಗೊತ್ತಿರಲಿಲ್ಲ, ಮಿಸ್ತ್ರಿ. ದುಃಖ ಮಾಡಬ್ಯಾಡ್ರಿ. ನಾನು ಎಲ್ಲೂ ಹೋಗೂದಿಲ್ಲ, ನಿಮ್ಮ ಜೋಡಿ ಇಲ್ಲೇ ಇರ್ತೀನಿ.”

ಸಾಲಿನ ಹಿಂದೆ ಯಾರೋ ಬಿಕ್ಕಿದರು.

ಮಿಸ್ತ್ರಿ ರುಮಾಲು ಮಡಚುತ್ತ ಮೆಲ್ಲಗೆ ಹೇಳಿದ: “ಅದಕ್ಕ ಅಳಾಕತ್ತಾರ್ರಿ ಸಾಹೇಬ್ರ. ಗೆದ್ದಿದ್ರ ಹೈದರಾಬಾದಿಗೆ ಹೋಗ್ತಿದ್ರಿ.”