ಇವರ ಮಾತು ಕೇಳಬಾರದ ಜಾಗ

ಹೆಂಡತಿಗೆ ಜಿಪಿಎಸ್ ಶಾಸ್ತ್ರವನ್ನು ಬೋಧಿಸಿದ ತಪ್ಪಿಗೆ ನಾನು ಒಂದು ಭಾನುವಾರ ಮಂಜಿನಲ್ಲಿ ದೆವ್ವದ ಕೈಗೆ ಸಿಕ್ಕೆ.

ಶನಿವಾರ ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಳು. ನಾನು ಉಪಕರಣ ಹಿಡಿದು ಪ್ರವಚನಕ್ಕೆ ಕೂತೆ.

"ನೋಡು, ಇದರೊಳಗೆ ಮೂರು ಬಗೆ. ಬಿಡಿಯಾಗಿ ಗುರುತು ಹಾಕಿದ ಜಾಗ ವೇಪಾಯಿಂಟ್. ಹೀಗೆ ಹೋಗೋಣ ಅಂತ ಮನೇಲಿ ಕೂತು ಎಳೆದ ಗೆರೆ ರೂಟ್. ನಡೀತಾ ಹೋದ ಹಾಗೆ ತಾನಾಗೇ ಮೂಡೋದು ಟ್ರ್ಯಾಕ್."

"ರೀ, ನಾನು ಬುಧವಾರ..."

"ಮಧ್ಯೆ ಬಾಯಿ ಹಾಕಬೇಡ ಕಣೇ, ಮರೆತುಹೋಗುತ್ತೆ."

ಅವಳು ಸುಮ್ಮನಾದಳು. (ಮದುವೆಯಾದ ಮೇಲೆ ನಾನು ಗೆದ್ದ ಏಕೈಕ ಯುದ್ಧ. ಆಗಲೇ ಅನುಮಾನ ಬರಬೇಕಿತ್ತು.) ಉಪಕರಣದಲ್ಲಿ ಹುಳ ತಿಂದ ಎಲೆಯಂಚಿನಂಥ ಅಂಕುಡೊಂಕು ಗೆರೆಯೊಂದಿತ್ತು. ಕಸವೆಂದು ಅಳಿಸಿದೆ. ಮರುದಿನ ಹತ್ತಲಿದ್ದ ಗುಡ್ಡದ ತುದಿಯಿಂದ ಬುಡಕ್ಕೆ ಸ್ಕೇಲಿಟ್ಟಂತೆ ನನ್ನದೇ ಒಂದು ರೂಟ್ ಎಳೆದೆ.

ಭಾನುವಾರ ನಾವಿಬ್ಬರೂ ಹತ್ತುವಾಗ ಬಿಸಿಲಿತ್ತು, ಕಾಲುದಾರಿ ಕಾಣುತ್ತಿತ್ತು. ಉಪಕರಣ ಚೀಲದಲ್ಲೇ ನಿದ್ದೆ ಮಾಡಿತು. ಇಳಿಯುವಾಗ ಮಂಜು ಸದ್ದಿಲ್ಲದೆ ಬಂತು. ಮೊದಲು ಕೆಳಗಿನ ಊರು ಹೋಯಿತು, ಆಮೇಲೆ ಒಂದೊಂದೇ ಮರ, ಕೊನೆಗೆ ನನ್ನ ಬೂಟು.

"ಹೆದರಬೇಡ, ನಾನಿದ್ದೀನಿ," ಎಂದು ಉಪಕರಣ ಹೊರತೆಗೆದೆ.

ಅದು ಕುಂಯ್ ಎಂದಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ಇಲ್ಲಿ ಇವರು ಜಾರ್ತಾರೆ.'

ಓದಿ ಮುಗಿಸುವಷ್ಟರಲ್ಲಿ ಜಾರಿದೆ.

ಎದ್ದು ಸ್ವಲ್ಪ ದೂರ ನಡೆದು ಬಂಡೆಯೊಂದರ ಮೇಲೆ ಕೂತೆ. "ನಿನಗೆ ಸುಸ್ತಾಗಿರುತ್ತೆ ಅಂತ ಕೂತೆ ಕಣೇ," ಎಂದೆ. ಮತ್ತೆ ಕುಂಯ್. 'ಇಲ್ಲಿ ಕೂರ್ತಾರೆ. ನನಗೋಸ್ಕರ ಅಂತಾರೆ.'

ಇದು ದೆವ್ವದ ಬರಹವೇ ಎಂದು ತೀರ್ಮಾನಿಸಿದೆ. ಇದೇ ಗುಡ್ಡದಲ್ಲಿ ಎಂದೋ ಗಂಡನ ಹಿಂದೆ ನಡೆದು ಹೋಗಿ ಹಿಂತಿರುಗದ ಯಾರೋ ಒಬ್ಬಳು, ಈಗ ನನ್ನ ಜೊತೆ ಇಳಿಯುತ್ತಿದ್ದಾಳೆ. ಹಿಂದೆ ಹೆಜ್ಜೆಯ ಸದ್ದಿತ್ತು. ಅದು ನನ್ನವಳದೇ ಎಂದು ಹೇಗೆ ನಂಬಲಿ?

"ಏನೇ, ಇದ್ದೀಯಾ?"

ಹೆಜ್ಜೆ ಮಾತ್ರ ಹತ್ತಿರವಾಯಿತು. ನನ್ನ ಗೆರೆ ನೇರವಾಗಿ ಮುಂದಕ್ಕೆ ಕರೆಯುತ್ತಿತ್ತು. ಕಾಲು ಎತ್ತಿದೆ. ಕುಂಯ್.

'ಇಲ್ಲಿ ಇವರ ಮಾತು ಕೇಳಬಾರದು.'

ತಣ್ಣನೆಯ ಕೈಯೊಂದು ನನ್ನ ಕುತ್ತಿಗೆಪಟ್ಟಿ ಹಿಡಿಯಿತು. ಕಾಲಿಗೆ ತಗುಲಿದ ಕಲ್ಲು ಮುಂದಕ್ಕುರುಳಿ ಹೋಯಿತು. ಬಿದ್ದ ಸದ್ದಿಗಾಗಿ ಕಾದೆ. ಕೇಳಲೇ ಇಲ್ಲ.

"ಪ್ರಪಾತ ರೀ," ಎಂದಳು ನನ್ನ ಹೆಂಡತಿ, ಕಿವಿಯ ಪಕ್ಕದಲ್ಲೇ. "ದಾರಿ ಇಲ್ಲಿ ಎಡಕ್ಕೆ ತಿರುಗುತ್ತೆ."

"ನಿನಗೆ ಹೇಗೆ ಗೊತ್ತು?"

"ಬುಧವಾರ ಅಕ್ಕನ ಜೊತೆ ಇದನ್ನ ಹಿಡ್ಕೊಂಡು ಹತ್ತಿ ಇಳಿದಿದ್ದೆ. ಹತ್ತಿರ ಬಂದ್ರೆ ಕೂಗಲಿ ಅಂತ ಅಲ್ಲಲ್ಲಿ ಗುರುತು ಹಾಕಿ ಬರೆದಿಟ್ಟಿದ್ದೆ. ನೀವು ಎಲ್ಲಾದ್ರೂ ಬಿದ್ದುಬಿಟ್ರೆ ಅಂತ ಭಯ. ಹೇಳೋಕೆ ಬಂದೆ, ನೀವು ಮೂರು ಬಗೆ ಹೇಳ್ತಾ ಇದ್ರಿ. ನಡೆದ ಗೆರೆ ಪೂರ್ತಿ ಇದೆಯಲ್ಲ, ನೋಡಿ."

ನಾನು ನೋಡಲಿಲ್ಲ.

"ಅಳಿಸಿದ್ರಾ?"

ಮಂಜು ಇನ್ನಷ್ಟು ದಟ್ಟವಾಗಲೆಂದು ಹಾರೈಸಿದೆ. ಅವಳು ಪಟ್ಟಿ ಬಿಟ್ಟು ಕೈ ಹಿಡಿದಳು. ಅಳಿಸಿ ಹೋಗದ ಬಿಡಿ ಗುರುತುಗಳನ್ನು ಒಂದೊಂದಾಗಿ ಹುಡುಕುತ್ತಾ, ಬುಡದವರೆಗೂ ಆ ಕೈ ಬಿಡಲಿಲ್ಲ.

ಮನೆಯ ಗೇಟಿನಲ್ಲಿ ಪಕ್ಕದ ಮನೆಯ ದರ್ಜಿ ನಿಂತಿದ್ದರು. "ಏನ್ ಸಾರ್, ಮಂಜಲ್ಲಿ ಸಿಕ್ಕಿಹಾಕ್ಕೊಂಡ್ರಾ?"

"ಏನಿಲ್ಲ, ನಾನೇ ಇವಳನ್ನ ಹುಷಾರಾಗಿ ಇಳಿಸ್ಕೊಂಡು ಬಂದೆ."

ಕುಂಯ್.

ದರ್ಜಿ ಕುತೂಹಲದಿಂದ ಉಪಕರಣ ಈಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಓದಿದರು: "'ಇಲ್ಲಿ, ನಾನೇ ಕರ್ಕೊಂಡು ಬಂದೆ ಅಂತಾರೆ.'"