ನಿಮ್ಮ ಸರದಿ: ಎರಡು

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದು ಮೆಸೇಜಿನ ತೀರಾ ಕೊನೆಯಲ್ಲಿ, ಬೆರಳಿನಿಂದ ತಳ್ಳುತ್ತಾ ಹೋದರೆ ಮಾತ್ರ ಕಾಣುವ ಜಾಗದಲ್ಲಿ, ನಾಚಿಕೊಂಡು ಕೂತಿದ್ದ ಒಂದು ವಾಕ್ಯ: ‘ಮೊಬೈಲಿನಿಂದ ಈ ನಂಬರಿಗೆ ಮಾಡುವ ಕರೆಗಳಿಗೆ ನಿಮಿಷದ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕವಿರುತ್ತದೆ.’

ಅದರ ಮೇಲಿದ್ದ ವಾಕ್ಯಗಳು ಮಾತ್ರ ಬಂಗಾರದಂಥವು. ಹೊಲಿಗೆ ಮಷೀನಿನ ಕಂಪನಿಯೊಂದು ತನ್ನ ಹೊಸ ಅಂಗಡಿಯಲ್ಲಿ ಗಿರಾಕಿಗಳಿಗೆ ಹೊಲಿಗೆ ಕಲಿಸುವ ಕೆಲಸಕ್ಕೆ ಅವಳನ್ನು ಆರಿಸಿತ್ತು. ಅವಳು ಮಾಡಬೇಕಾಗಿದ್ದುದು ಇಷ್ಟೇ. ಇವತ್ತು ಸಂಜೆ ಕಚೇರಿ ಮುಚ್ಚುವುದರೊಳಗೆ ಆ ನಂಬರಿಗೆ ಫೋನ್ ಮಾಡಿ ಒಪ್ಪಿಗೆ ಹೇಳಬೇಕು. ಹೇಳದಿದ್ದರೆ ಕೆಲಸ ಮುಂದಿನವರ ಪಾಲು.

ಅವಳಿದ್ದ ಮೂರು ಮಹಡಿಯ ಕಟ್ಟಡದವರೆಲ್ಲ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅಲ್ಲಿನವರ ಕಿತ್ತ ಗುಂಡಿ, ತೂತು ಬಿದ್ದ ಜೇಬು, ಮೈಗೆ ಬಿಗಿಯಾದ ಅಂಗಿ ಎಲ್ಲವೂ ಅವಳ ಬಳಿಗೇ ಬರುತ್ತಿದ್ದವು. ‘ನಿನ್ನ ಕೈಯಲ್ಲಿ ಏನೋ ಇದೆ ಕಣೆ’ ಎಂದು ಹೊಗಳಿ ಬಟ್ಟೆ ಎತ್ತಿಕೊಂಡು ಹೋಗುತ್ತಿದ್ದರು. ಅವರು ಹೋದಮೇಲೆ ನೋಡಿದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಅವಳ ಗಂಡ ನೀರು ಸರಬರಾಜು ಕಚೇರಿಯಲ್ಲಿ ಲೆಕ್ಕ ತಪಾಸಣೆಯ ಗುಮಾಸ್ತರು. ಕೆಲಸಕ್ಕೆ ಹೋಗುವ ಆಸೆಯನ್ನು ಅವಳು ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. ಅವರು ಸಿಡುಕಲಿಲ್ಲ. ಸಿಡುಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕನ್ನಡಕ ಏರಿಸಿಕೊಂಡು ಕೂತು, ಬಸ್ಸು, ಚಪ್ಪಲಿ, ಹೊರಗೆ ಕುಡಿಯುವ ಕಾಫಿ, ದಣಿದು ಬಂದ ದಿನ ಹೋಟೆಲಿನಿಂದ ತರಿಸುವ ಊಟ ಎಲ್ಲವನ್ನೂ ಕೂಡಿಸಿ, ಅವಳು ದುಡಿಯಲು ಹೊರಟರೆ ಮನೆಗೆ ನಷ್ಟವೆಂದು ಸಾಧಿಸಿ ತೋರಿಸಿದರು. ‘ನೀನು ಮನೇಲಿ ಸುಮ್ನೆ ಕೂತಿರೋದೇ ಲಾಭ’ ಎಂದು ಷರಾ ಬರೆದರು. ಅವರ ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತೇ ಅವಳು ತಾನು ಸುಮ್ಮನೆ ಕೂತಿರುವ ಸಂಗತಿಯನ್ನು ಕೇಳಿಸಿಕೊಂಡಳು.

ಹಾಗಾಗಿ ಕಂಪನಿಯ ಸಂದರ್ಶನಕ್ಕೆ ಹೋದದ್ದು ಕಣ್ಣು ತೋರಿಸಿಕೊಂಡು ಬರುವ ನೆಪದಲ್ಲಿ. ಕೆಲಸಕ್ಕೆ ಸೇರಿ, ತಿಂಗಳು ಕಳೆದಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಸಂಬಳದ ಆಸೆ ಅಷ್ಟಿರಲಿಲ್ಲ. ಗಂಡ ಕೂಡಿಸಿ ಕಳೆದು ನೋಡಿರದ ಒಂದೇ ಒಂದು ವಸ್ತು ತನ್ನದಾಗಿ ಇರಬೇಕು, ಅಷ್ಟೇ.

ಅಡ್ಡ ಬಂದದ್ದು ಫೋನ್ ಬಿಲ್ಲು. ಗಂಡ ಹೆಂಡಿರ ಎರಡೂ ಮೊಬೈಲು ಒಂದೇ ಪ್ಲಾನಿನಲ್ಲಿದ್ದವು. ಮಾಮೂಲಿ ಕರೆಗಳೆಲ್ಲ ಬಿಟ್ಟಿ. ಆದ್ದರಿಂದ ‘ಹೆಚ್ಚುವರಿ’ ಎಂಬ ಕಾಲಮ್ಮಿನಲ್ಲಿ ಪ್ರತಿ ತಿಂಗಳೂ ಒಂದು ದುಂಡು ಸೊನ್ನೆ ಬರುತ್ತಿತ್ತು. ಬೇರೆಯವರು ಮಕ್ಕಳ ಅಂಕಪಟ್ಟಿ ತೋರಿಸುವಂತೆ ಗಂಡ ಮನೆಗೆ ಬಂದವರಿಗೆ ಆ ಸೊನ್ನೆ ತೋರಿಸುತ್ತಿದ್ದರು. ಅದರ ಜಾಗದಲ್ಲಿ ಬೇರೊಂದು ಅಂಕಿ ಬಂದರೆ, ಯಾವ ನಂಬರು, ಯಾವಾಗ, ಯಾಕೆ ಎಂದು ತನಿಖೆ ಶುರುವಾಗುವುದು ಖಂಡಿತ.

ಅವರು ಕಚೇರಿಗೆ ಹೋದ ಕೂಡಲೇ ಸೂಜಿಯಕ್ಕನಿಗೆ ಹೊಳೆದ ಮೊದಲ ಉಪಾಯ ಮಿಸ್ಡ್ ಕಾಲ್. ತಮ್ಮನಿಗೆ, ಹಾಲಿನವನಿಗೆ, ಗ್ಯಾಸಿನವನಿಗೆ ಕೊಟ್ಟು ರೂಢಿಯಿತ್ತು. ಕೊಟ್ಟರೆ ಅವರೇ ತಿರುಗಿ ಮಾಡುತ್ತಿದ್ದರು. ಕಂಪನಿಯವರೂ ಮನುಷ್ಯರೇ ತಾನೆ ಎಂದುಕೊಂಡು ನಂಬರು ಒತ್ತಿದಳು. ಎತ್ತಿದ್ದು ಮನುಷ್ಯರಾಗಿರಲಿಲ್ಲ. ಗಂಟೆ ಪೂರ್ತಿ ಬಾರಿಸುವ ಮೊದಲೇ, ಬಾಗಿಲ ಹಿಂದೆ ಹೊಂಚು ಹಾಕಿದ್ದ ನೆಂಟರಂತೆ ಒಂದು ಧ್ವನಿ ಹಾರಿ ಬಂತು. ‘ನಮಸ್ಕಾರ, ನಿಮ್ಮ ಕರೆ ನಮಗೆ ಬಹಳ ಅಮೂಲ್ಯ.’ ಅವಳು ಸುಡುವ ಪಾತ್ರೆ ಬಿಟ್ಟಂತೆ ಫೋನು ಬಿಟ್ಟಳು. ಆ ಧ್ವನಿ ಸುಳ್ಳು ಹೇಳಿರಲಿಲ್ಲ. ಕರೆ ಎಷ್ಟು ಅಮೂಲ್ಯವೆಂದು ತಿಳಿಸುವ ಮೆಸೇಜು ಮರುಕ್ಷಣವೇ ಬಂತು. ಒಂದು ಸಲವಾದರೆ ಕೈತಪ್ಪಿ ಒತ್ತಿದೆ ಅನ್ನಬಹುದು. ಎರಡನೇ ಸಲಕ್ಕೆ ಆ ಮಾತು ನಡೆಯುವುದಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಎದುರುಮನೆಯಾಕೆ. ಕಟ್ಟಡದಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂಬುದರಿಂದ ಹಿಡಿದು ಎಲ್ಲ ಸುದ್ದಿಯನ್ನೂ ಮಹಡಿಯಿಂದ ಮಹಡಿಗೆ ಮುಟ್ಟಿಸುತ್ತಿದ್ದುದರಿಂದ ಆಕೆಗೆ ವಾರ್ತಕ್ಕ ಎಂದು ಹೆಸರು. ಸೂಜಿಯಕ್ಕನ ಮುಖ ನೋಡಿದವಳೇ ಏನಾಯಿತೆಂದು ಕೇಳಿದಳು. ಸೂಜಿಯಕ್ಕ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ವಾಷಿಂಗ್ ಮಷೀನ್ ಕೆಟ್ಟಿದೆ, ಕಂಪನಿಯ ನಂಬರಿಗೆ ಮೊಬೈಲಿನಿಂದ ಮಾಡಿದರೆ ದುಡ್ಡು ಕೀಳುತ್ತಾರೆ, ಎಲ್ಲಾದರೂ ಲ್ಯಾಂಡ್‌ಲೈನ್ ಸಿಕ್ಕಿದ್ದರೆ ಚೆನ್ನಾಗಿತ್ತು.

ವಾರ್ತಕ್ಕ ಬಚ್ಚಲುಮನೆಯ ಕಡೆ ಕಿವಿಕೊಟ್ಟಳು. ಅಲ್ಲಿ ಮಷೀನು ಗಡಗಡ ಸದ್ದು ಮಾಡುತ್ತಾ ಗುಮಾಸ್ತರ ಅಂಗಿಗಳನ್ನು ಭರ್ಜರಿಯಾಗಿ ತಿರುಗಿಸುತ್ತಿತ್ತು.

“ಓಡ್ತಾ ಇದೆಯಲ್ಲೇ?”

“ಓಡೋದೇ ತೊಂದ್ರೆ ಅಕ್ಕ. ನಿಲ್ಲೋದೇ ಇಲ್ಲ.”

ಮಷೀನು ಆಗಲೇ ನಿಂತಿತು. ಮುಗಿಯಿತೆಂದು ಪೀಂ ಪೀಂ ಎಂದು ಮೂರು ಸಲ ಸಾರಿಯೂ ಸಾರಿತು. ವಾರ್ತಕ್ಕ ತನ್ನ ಮಷೀನೂ ಒಂದು ದಿನ ಕೆಟ್ಟೀತು ಎಂದು ಆ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಆಮೇಲೆ ಸೂಜಿಯಕ್ಕನ ರಟ್ಟೆ ಹಿಡಿದು ಕೆಳಗಿನ ಮನೆಯ ಮೇಷ್ಟರ ಬಳಿಗೆ ನಡೆಸಿದಳು.

ಕಟ್ಟಡಕ್ಕೆಲ್ಲ ಉಳಿದಿದ್ದ ಒಂದೇ ಲ್ಯಾಂಡ್‌ಲೈನು ವಿಜ್ಞಾನದ ಮೇಷ್ಟರದು. ಕೆಲಸದಿಂದ ನಿವೃತ್ತರಾದರೂ ಪಾಠದಿಂದ ಅವರು ನಿವೃತ್ತರಾಗಿರಲಿಲ್ಲ. ಇಂಥ ನಂಬರುಗಳು ಹೇಗೆ ಹುಟ್ಟಿದವು, ದೂರವಾಣಿ ಕಂಪನಿಗೆಷ್ಟು ಪಾಲು, ನಂಬರಿಟ್ಟ ಕಂಪನಿಗೆಷ್ಟು ಪಾಲು ಎಂದು ವಿವರಿಸಿದರು. ಸೂಜಿಯಕ್ಕ ಗೋಡೆ ಗಡಿಯಾರ ನೋಡಿದಾಗಲೆಲ್ಲ ‘ಗಮನ ಇಲ್ಲಿರಲಿ’ ಎಂದು ಮೇಜು ಕುಟ್ಟಿದರು. ಕೊನೆಗೆ ಗುಟ್ಟು ಬಿಟ್ಟರು. “ಪ್ರತಿ ದುಬಾರಿ ನಂಬರಿನ ಹಿಂದೆ ಒಂದು ಮಾಮೂಲಿ ನಂಬರು ಅಡಗಿರುತ್ತಮ್ಮ. ಹುಡುಕೋ ಬುದ್ಧಿ ಬೇಕು.”

ಬುದ್ಧಿ ಅವರ ಬಳಿ ಬೇಕಾದಷ್ಟಿತ್ತು. ಸೂಜಿಯಕ್ಕ ತೋರಿಸಿದ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಅದರ ಜಾಡು ಹಿಡಿದು, ಒಂದು ಮಾಮೂಲಿ ನಂಬರನ್ನು ಹೊರಗೆಳೆದೇಬಿಟ್ಟರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಫೋನು ಮಾಡಿದರು. ಎತ್ತಿದವನು ಯಾವುದೋ ಗೋದಾಮಿನ ಕಾವಲುಗಾರ.

“ಇಲ್ಲಿ ಹೊಲಿಗೆ ಮಷೀನಿನ ಡಬ್ಬ ಬಿಟ್ರೆ ಏನೂ ಇಲ್ಲ ಸ್ವಾಮಿ. ಮಾತಾಡೋರು ಬೇಕಿದ್ರೆ ಆ ದೊಡ್ಡ ನಂಬರಿಗೇ ಮಾಡಿ.”

ಮೇಷ್ಟರು ವಾರ್ತಕ್ಕನನ್ನು ನೋಡಿದರು, ವಾರ್ತಕ್ಕ ಸೂಜಿಯಕ್ಕನನ್ನು ನೋಡಿದಳು. ಒಗೆಯುವ ಮಷೀನು ಅಂದಿದ್ದೆಯಲ್ಲ ಎಂದು ಕೇಳಿದಾಗ, ಆ ಕಂಪನಿ ಎರಡನ್ನೂ ಮಾಡುತ್ತದೆ ಎಂದು ಸೂಜಿಯಕ್ಕ ತೊದಲಿದಳು. ಮೇಷ್ಟರು ಕನ್ನಡಕದ ಮೇಲಿಂದ ನೋಡಿ, ಹೋಗಲಿ, ದೊಡ್ಡ ನಂಬರಿಗೇ ಮಾಡೋಣ ಎಂದರು. ಆದರೆ ದುಬಾರಿ ನಂಬರುಗಳಿಗೆ ಹೋಗದಂತೆ ಅವರೇ ತಮ್ಮ ಫೋನಿಗೆ ಬೀಗ ಹಾಕಿಸಿದ್ದರು. ಬೀಗದ ಸಂಖ್ಯೆಯನ್ನು ಯಾರೂ ಕದಿಯಬಾರದೆಂದು ಎಲ್ಲೂ ಬರೆದಿಟ್ಟಿರಲಿಲ್ಲ, ತಲೆಯಲ್ಲೂ ಸಹ. ನೆನಪಾದ ಒಂದೊಂದನ್ನೇ ಒತ್ತಿದರು. ಕೊನೆಗೆ ಫೋನು ಬೇಸತ್ತು ಪೂರ್ತಿಯಾಗಿ ಸತ್ತಿತು. ಒಳಗಿಂದ ಬಂದ ಅವರ ಹೆಂಡತಿ ಸೂಜಿಯಕ್ಕನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ಅಲ್ಲಿಂದ ಹೊರಬಿದ್ದ ಸೂಜಿಯಕ್ಕ ವಾರ್ತಕ್ಕನನ್ನು ಹೇಗೋ ಕಳಚಿಕೊಂಡು ಬೀದಿಯ ತುದಿಗೆ ಹೋದಳು. ಅಲ್ಲೊಂದು ಹಲ್ಲಿನ ಆಸ್ಪತ್ರೆ, ಅದರ ಮುಂದಿನ ಮೇಜಿನ ಮೇಲೊಂದು ಲ್ಯಾಂಡ್‌ಲೈನು. ಮೇಜಿನ ಹಿಂದಿದ್ದ ಹುಡುಗಿ ಉಗುರಿಗೆ ಬಣ್ಣ ಹಚ್ಚುತ್ತಾ, ಫೋನು ಪೇಷೆಂಟುಗಳಿಗೆ ಮಾತ್ರ ಎಂದಳು.

“ಹಾಗಾದ್ರೆ ನಾನೂ ಪೇಷೆಂಟೇ ಅಂದ್ಕೊಳ್ಳಮ್ಮ.”

ಹುಡುಗಿ ಅಂದುಕೊಳ್ಳಲಿಲ್ಲ, ಚೀಟಿ ಹರಿದು ಕೊಟ್ಟೇಬಿಟ್ಟಳು. ಬೆಳಗಿನಿಂದ ಒಂದು ಬಾಯಿಯನ್ನೂ ಕಾಣದೆ ಕೂತಿದ್ದ ಡಾಕ್ಟರಿಗೆ ಸೂಜಿಯಕ್ಕನ ಬಾಯಿ ಕಂಡು ನಿಧಿ ಸಿಕ್ಕಷ್ಟು ಸಂತೋಷವಾಯಿತು. ತನಗೇನೂ ನೋವಿಲ್ಲ ಎಂದು ಅವಳು ಹೇಳಿದಳು. ನೋವಿಲ್ಲದ ಹಲ್ಲೇ ಅಪಾಯ ಎಂದು ಅವರು ಹೇಳಿದರು. ಬಾಯೊಳಗೆ ಕನ್ನಡಿ, ಕೊಳವೆ, ಹತ್ತಿ, ಇಷ್ಟೆಲ್ಲ ಇರುವಾಗ ವಾದ ಮಾಡುವುದು ಹೇಗೆ? ಸೂಜಿ ಚುಚ್ಚಿದರು, ಕೊರೆದರು, ತುಂಬಿದರು. ಅಲ್ಲಿ ಅವಳು ಕೊಟ್ಟ ಹಣದಲ್ಲಿ ಕಂಪನಿಯವರೊಡನೆ ವಾರಗಟ್ಟಲೆ ಹರಟಬಹುದಿತ್ತು.

ಅಂತೂ ಫೋನು ಕೈಗೆ ಬಂತು. ನಂಬರು ಒತ್ತಿ, ಕೆಲಸದ ವಿಚಾರಕ್ಕೆ ಒತ್ತಬೇಕಾದ ಅಂಕಿಯನ್ನೂ ಒತ್ತಿದಳು. ಅದೇ ಧ್ವನಿ, ಅದೇ ಅಮೂಲ್ಯ. ಆಮೇಲೆ: ‘ನಮ್ಮ ಅಧಿಕಾರಿ ಬೇರೊಂದು ಕರೆಯಲ್ಲಿದ್ದಾರೆ. ನಿಮ್ಮ ಸರದಿ: ಎರಡು.’

ಎರಡೇ ತಾನೆ ಎಂದು ಜೀವ ಬಂತು. ವಾದ್ಯ ಸಂಗೀತ ಶುರುವಾಯಿತು. ಮುಗಿಯಿತು. ಸರದಿ ಎರಡು. ಮತ್ತೆ ಅದೇ ಸಂಗೀತ, ಮತ್ತೆ ಅದೇ ಎರಡು. ಮುಂದಿದ್ದವನು ಒಬ್ಬನೇ, ಆದರೆ ಅಲ್ಲಾಡುವ ಆಸಾಮಿಯಲ್ಲ. ಅದೇನು ಅಷ್ಟು ಮಾತಾಡುತ್ತಾನೋ, ಅವನನ್ನು ದಿನಾ ಕೇಳಿಸಿಕೊಳ್ಳುವ ಮನೆಯವರ ಪಾಡೇನೋ ಎಂದು ಅವಳು ಆ ಕಾಣದ ಮನೆಯವರಿಗಾಗಿ ಮರುಗಿದಳು. ತುಟಿಯಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ‘ಒಪ್ಪಿಗೆ’ ಎಂದು ಅಭ್ಯಾಸ ಮಾಡಿ ನೋಡಿದಳು. ‘ಒಬ್ಬಿಯೆ’ ಎಂದಿತು ಬಾಯಿ. ಹುಡುಗಿ ಉಗುರಿನ ಬಣ್ಣ ಒಣಗುತ್ತಲೇ, ಬಾಗಿಲು ಹಾಕುವ ಹೊತ್ತಾಯಿತೆಂದು ಫೋನು ಕಿತ್ತುಕೊಂಡು ಇಟ್ಟುಬಿಟ್ಟಳು.

ಮನೆಗೆ ಬಂದವಳು ಅಡುಗೆಮನೆಯ ಕಿಟಕಿಯ ಬಳಿ ನಿಂತಳು. ಬಿಸಿಲು ಎದುರು ಗೋಡೆಯ ಅರ್ಧಕ್ಕೆ ಏರಿತ್ತು. ಒಗೆದ ಅಂಗಿಗಳು ಮಷೀನಿನಲ್ಲೇ ಮುದ್ದೆಯಾಗಿ ಬಿದ್ದಿದ್ದವು. ಒಂದು ಸೊನ್ನೆಯನ್ನು ಕಾಪಾಡುವುದಕ್ಕೆ ಬೆಳಗಿನಿಂದ ಎಷ್ಟು ಸುಳ್ಳು, ಎಷ್ಟು ಮೆಟ್ಟಿಲು, ಚೆನ್ನಾಗಿದ್ದ ಒಂದು ಹಲ್ಲು. ಅದೂ ತನ್ನದಲ್ಲದ, ಬೆಳಗ್ಗೆಯೇ ಒಡೆದುಹೋಗಿದ್ದ ಸೊನ್ನೆ. ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಅರ್ಧ ಮುಖ ಮಾತ್ರ ನಕ್ಕಿತು.

‘ಬರಲಿ ಬಿಲ್ಲು’ ಎಂದುಕೊಂಡು ತನ್ನ ಮೊಬೈಲನ್ನೇ ಎತ್ತಿ ನಂಬರು ಒತ್ತಿದಳು. ಸರದಿ ಎರಡು. ಈ ಸಲ ಇಡಲಿಲ್ಲ. ನಿಮಿಷಗಳು ಮೀಟರು ಹಾಕಿಕೊಂಡು ಓಡಿದವು. ಓಡಲಿ. ಮದುವೆಯಾದ ಮೇಲೆ ತನಗಾಗಿ ಇಷ್ಟು ಧಾರಾಳವಾಗಿ ಅವಳು ಖರ್ಚು ಮಾಡಿದ್ದು ಇದೇ ಮೊದಲು. ಹಾಯೆನಿಸಿತು. ಸಂಗೀತ ಬಾಯಿಪಾಠವಾಗಿ, ಮೊಬೈಲು ಬಿಸಿಯಾಗಿ, ಕಿವಿ ಕೆಂಪಾದಮೇಲೆ ಕೊನೆಗೂ ಒಬ್ಬ ಹೆಂಗಸಿನ ದನಿ ಬಂತು. ದನಿ ತೀರಾ ಸೋತಿತ್ತು.

ಸೂಜಿಯಕ್ಕ ತನ್ನ ಹೆಸರು ಹೇಳುವುದನ್ನೂ ಮರೆತು, ಆ ಹೊಲಿಗೆ ಕಲಿಸುವ ಕೆಲಸ ಎಂದಳು.

“ಅದು ತುಂಬಿಹೋಯ್ತಲ್ಲ ಮೇಡಂ. ಮಧ್ಯಾಹ್ನದಿಂದ ಒಬ್ರು ಲೈನ್ ಬಿಡದೆ ಕೂತು, ಪ್ರತಿಯೊಂದನ್ನೂ ಚೌಕಾಸಿ ಮಾಡಿ, ಈಗ ತಾನೆ ಖಾಯಂ ಮಾಡಿಸ್ಕೊಂಡ್ರು. ಕಚೇರಿ ಮುಚ್ತಾ ಇದೀವಿ. ಕರೆ ಮಾಡಿದ್ದಕ್ಕೆ ಧನ್ಯವಾದ.”

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಳು. ಯಾರೋ ಗಟ್ಟಿಗಿತ್ತಿ, ತನ್ನಂತೆ ಬೀದಿ ಬೀದಿ ಅಲೆಯದೆ, ಸೀದಾ ಫೋನು ಮಾಡಿ ತನ್ನ ಪಾಲಿನದನ್ನು ಗಿಟ್ಟಿಸಿಕೊಂಡಿದ್ದಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ದೀಪ ಹಾಕಬೇಕೆಂದೂ ತೋಚದೆ ಕತ್ತಲಾಗುವವರೆಗೂ ಹಾಗೇ ಕೂತಿದ್ದಳು.

ಬಾಗಿಲು ತೆರೆದು ದೀಪ ಹಾಕಿದ್ದು ಗಂಡ. ಅವರ ಹಿಂದೆ ವಾರ್ತಕ್ಕ, ಅವಳ ಹಿಂದೆ ಮೇಷ್ಟರು. ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಗಂಡ ಚಪ್ಪಲಿ ಬಿಡುವುದನ್ನೂ ಮರೆತು ಎದೆ ಉಬ್ಬಿಸಿ ನಿಂತರು.

“ನೋಡು, ನಿನಗೊಂದು ಕೆಲಸ ಕೊಡಿಸಿದೀನಿ.”

ವಾರ್ತಕ್ಕ ಮಧ್ಯಾಹ್ನ ಅವರಿಗೆ ಆ ನಂಬರನ್ನು ಮೆಸೇಜು ಮಾಡಿ, ನಿಮ್ಮ ಮನೆಯಾಕೆ ಬೆಳಗಿನಿಂದ ಕದ್ದು ಕದ್ದು ಇಲ್ಲಿಗೆ ಫೋನ್ ಮಾಡುತ್ತಿದ್ದಾಳೆ, ವಿಚಾರಿಸಿ ಎಂದಿದ್ದಳಂತೆ. ವಿಚಾರಿಸಿದರಂತೆ. ಅದು ಕೆಲಸದ ಮಾತೆಂದು ತಿಳಿಯಿತಂತೆ. ಬಸ್ಸಿನ ಖರ್ಚು ಕಂಪನಿಯದೇ ಆಗಬೇಕು, ಕಾಫಿ ಅವರೇ ಕೊಡಬೇಕು, ಚಪ್ಪಲಿಗೆ ಇಷ್ಟು ಎಂದು ಒಂದೊಂದೇ ಒಪ್ಪಿಸಿ, ನಷ್ಟದ ಬಾಬ್ತನ್ನು ಲಾಭಕ್ಕೆ ತಂದು, ಅವಳ ಪರವಾಗಿ ಒಪ್ಪಿಗೆಯನ್ನೂ ಹೇಳಿಯಾಯಿತಂತೆ. ಅಷ್ಟೂ ಹೊತ್ತು ಮಾತಾಡಿದ್ದು ಕಚೇರಿಯ ಲ್ಯಾಂಡ್‌ಲೈನಿನಿಂದ, ಬಿಡಿಗಾಸು ಖರ್ಚಿಲ್ಲ ಎನ್ನುವಾಗ ಅವರ ಕಣ್ಣಲ್ಲಿ ನೀರೇ ಬಂತು.

ಮೇಷ್ಟರು ಇದಕ್ಕೆ ಹೇಳುವುದು ಬುದ್ಧಿ ಎಂದು ತಲೆದೂಗಿದರು. ಇಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ ಎಂದು ವಾರ್ತಕ್ಕ ತನ್ನ ಗಂಡನನ್ನು ನೆನೆದು ನಿಟ್ಟುಸಿರಿಟ್ಟಳು. ಮೇಜಿನ ಮೇಲಿದ್ದ ಸೂಜಿಯಕ್ಕನ ಮೊಬೈಲು ಆಗ ಸದ್ದು ಮಾಡಿತು. ಗಂಡ ಅಭ್ಯಾಸಬಲದಿಂದ ಎತ್ತಿ ಓದಿದರು. ಅವರ ಮುಖದ ಕಳೆ ಇಳಿಯಿತು. ಎರಡನೇ ಸಲ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಇಷ್ಟೊಂದಾ? ನಾನು ಮಾತಾಡಿ ಮುಗಿಸೋ ತನಕ ಕಾಯೋದಕ್ಕೆ ಆಗ್ಲಿಲ್ವಾ ನಿನಗೆ?”

ಕಾದದ್ದಕ್ಕೇ ಅಷ್ಟಾಯಿತು ಎಂದು ಸೂಜಿಯಕ್ಕ ಹೇಳಬಹುದಿತ್ತು. ನೆರೆಯವರ ಮುಂದೆ ಗಂಡ ದೊಡ್ಡ ಮನಸ್ಸು ಮಾಡಿದರು. ಇರಲಿ, ಅವಳ ಮೊದಲ ಸಂಬಳದಲ್ಲಿ ಹಿಡಿದುಕೊಂಡರಾಯಿತು ಎಂದರು. ನಾಳೆ ಎಷ್ಟು ಹೊತ್ತಿಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ಅವಳು ಮೆಲ್ಲಗೆ ಕೇಳಿದಳು. ಅದನ್ನು ಕಂಪನಿಯವರು ಬೆಳಗ್ಗೆ ಫೋನು ಮಾಡಿ ಹೇಳುತ್ತಾರೆ ಎಂದರು ಅವರು. ಅವಳು ತನ್ನ ಮೊಬೈಲಿನ ಕಡೆ ಕೈ ಚಾಚಿದಳು.

“ನಿನಗಲ್ಲ, ನನಗೆ,” ಎಂದು ಗಂಡ ಅದನ್ನು ತಮ್ಮ ಜೇಬಿಗೆ ಹಾಕಿಕೊಂಡರು. “ಇನ್ಮೇಲೆ ಏನಿದ್ರೂ ನನ್ನ ನಂಬರಿಗೇ ಮಾಡಿ ಅಂತ ಬರೆಸಿದೀನಿ. ನಿನಗ್ಯಾಕೆ ಸುಮ್ನೆ ತೊಂದ್ರೆ.”